ಮೊಳ ಹಾಕದ ಕಂಪ್ಯೂಟರು

ಈ ಕೆಲಸಕ್ಕೆ ನಾನು ಕೈಯಿಂದ ಕೊಟ್ಟದ್ದು ಒಂದು ಪೆನ್‌ಡ್ರೈವಿನ ದುಡ್ಡು. ಅದೂ ಅಂಗಡಿಯವನು ಹೇಳಿದ ರೇಟಿಗಲ್ಲ, ನಾನು ಹೇಳಿದ ರೇಟಿಗೆ. ಹಡಗಲಿಗೆ ಹೋಗಿಬಂದದ್ದಕ್ಕೆ ಖರ್ಚಿಲ್ಲ, ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಆದರೆ ಒಂದು ವಾರ ನನ್ನ ರೆಕಾರ್ಡಿಂಗ್ ಕೋಣೆಯನ್ನು ಬೇರೆ ಯಾರಿಗೂ ಬಾಡಿಗೆಗೆ ಕೊಡಲಿಕ್ಕಾಗಲಿಲ್ಲ. ನಿಜವಾದ ಖರ್ಚು ಅದು. ಇಷ್ಟೆಲ್ಲ ಯಾಕೆಂದರೆ, ಒಂದು ವಿಡಿಯೊ ನಮ್ಮ ಕಂಪ್ಯೂಟರಿನಲ್ಲಿ ತೆರೆಯಲಿಲ್ಲ. ತೆರೆಯುವಂತೆ ಮಾಡಿದ ಮೇಲೆ ಅದು ಅಳತೆಯಲ್ಲಿ ಮೋಸ ಮಾಡಿತು. ಅಳತೆಯ ಮೋಸ ನನಗೆ ಹೊಸದಲ್ಲ, ಆದರೆ ಕಂಪ್ಯೂಟರಿನಿಂದ ಅದನ್ನು ನಿರೀಕ್ಷಿಸಿರಲಿಲ್ಲ.

ಮೊದಲು ನಾನು ಹೂವಿನವಳು. ಹಡಗಲಿ ಮಲ್ಲಿಗೆಯನ್ನು ತೋಟದಲ್ಲೇ ತೂಕಕ್ಕೆ ಕೊಂಡು, ಬಸ್ಸಿನಲ್ಲಿ ಕೂತು ಕಟ್ಟಿಕೊಂಡು, ಕೊಟ್ಟೂರು, ಕೂಡ್ಲಿಗಿ ಬಸ್‌ಸ್ಟ್ಯಾಂಡುಗಳಲ್ಲಿ ಮೊಳದ ಲೆಕ್ಕದಲ್ಲಿ ಮಾರುತ್ತಿದ್ದೆ. ತೂಕಕ್ಕೆ ಕೊಂಡದ್ದನ್ನು ಮೊಳಕ್ಕೆ ಮಾರುವುದರಲ್ಲಿ ಒಂದು ವಿದ್ಯೆ ಇದೆ, ಅದನ್ನು ಇಲ್ಲಿ ವಿವರಿಸುವುದಿಲ್ಲ. ಹೂವಿನಿಂದ ಉಳಿಸಿದ್ದರಲ್ಲಿ ಒಂದು ಮೈಕ್‌ಸೆಟ್ಟು ಕೊಂಡೆ. ಮೈಕ್‌ಸೆಟ್ಟಿನ ಬಾಡಿಗೆಯಿಂದ ಹಗರಿಬೊಮ್ಮನಹಳ್ಳಿಯಲ್ಲಿ ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲೆ ಈ ಕೋಣೆ ಹಿಡಿದೆ. ಸದ್ದು ಒಳಗೆ ಬರದಂತೆ ಗೋಡೆಗಳಿಗೆ ಹಳೆಯ ಕೌದಿಗಳನ್ನು ಮೊಳೆ ಹೊಡೆದು ಕೂರಿಸಿದ್ದೇನೆ. ಪೇಟೆಯಲ್ಲಿ ಇದೇ ಕೆಲಸಕ್ಕೆ ಬೂದು ಬಣ್ಣದ ಸ್ಪಂಜು ಮಾರುತ್ತಾರಂತೆ. ಕೌದಿ ಅದಕ್ಕಿಂತ ಚೆನ್ನಾಗಿ ಸದ್ದು ಕುಡಿಯುತ್ತದೆ, ಬೇಸರವಾದರೆ ಹೊದ್ದುಕೊಳ್ಳಲೂ ಬರುತ್ತದೆ. ಕಂಪ್ಯೂಟರು ಹರಪನಹಳ್ಳಿಯಲ್ಲಿ ಮುಚ್ಚಿಹೋದ ಟೈಪಿಂಗ್ ಕ್ಲಾಸಿನದು. ಕೀಲಿಮಣೆ, ಕುರ್ಚಿ, ಫ್ಯಾನು ಸೇರಿಸಿ ಒಟ್ಟಿಗೆ ಮಾತಾಡಿದ್ದರಿಂದ ಅಗ್ಗಕ್ಕೆ ಬಂತು. ಬಿಡಿಬಿಡಿಯಾಗಿ ಕೇಳಿದ್ದರೆ ಬರುತ್ತಿರಲಿಲ್ಲ.

ಈ ಕೋಣೆಗೆ ತಪ್ಪದೆ ಬರುವವನು ಕೊಟ್ಟೂರಿನ ಒಬ್ಬ ಕೀಬೋರ್ಡ್ ವಾದಕ. ಅವನ ಅಪ್ಪ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ನನ್ನ ಮೊದಲ ಮೈಕ್‌ಸೆಟ್ಟಿಗೆ ಜೀವ ಕೊಟ್ಟವರು ಅವರೇ. ಮಗ ಬೆಸುಗೆ ಕಡ್ಡಿ ಬಿಟ್ಟು ಕೀಬೋರ್ಡು ಹಿಡಿದ. ಈಗ ಅವನ ಮಗಳೇ ಕಾಲೇಜಿಗೆ ಹೋಗುತ್ತಾಳೆ, ಆದರೂ ನಾನು ತಮ್ಮಾ ಅನ್ನುತ್ತೇನೆ, ಅವನು ಅಕ್ಕಾ ಅನ್ನುತ್ತಾನೆ. ನಮ್ಮ ಸುತ್ತಲಿನ ಐದೂ ತಾಲ್ಲೂಕಿನಲ್ಲಿ ಅವನು ಬಾರಿಸದ ಮದುವೆ ಛತ್ರ ಇರಲಿಕ್ಕಿಲ್ಲ. ಎಲ್ಲ ಕಡೆಯೂ ಕೇಳುವುದು ಸಿನಿಮಾ ಹಾಡು. ಅವನದೇ ರಾಗಗಳು ಅವನ ಬೆರಳಲ್ಲಿ ಎಷ್ಟೋ ಇದ್ದವು; ಅವನ್ನು ಅವನು ಜನ ಪಂಕ್ತಿ ಊಟಕ್ಕೆ ಕೂತಾಗ ಮಾತ್ರ ಬಾರಿಸುತ್ತಿದ್ದ. ಆಗ ಯಾರೂ ಕೇಳುವುದಿಲ್ಲ, ಆದ್ದರಿಂದ ಯಾರೂ ಬೇಡ ಅನ್ನುವುದಿಲ್ಲ.

ಹಾಗೆ ಒಂದು ಮದುವೆಯಲ್ಲಿ ಊಟ ಬಿಟ್ಟು ಕೇಳಿದವರು ಒಬ್ಬರು ಇದ್ದರು. ಹಡಗಲಿಯ ಹೈಸ್ಕೂಲ್ ಟೀಚರು. ಎಲೆಯ ಮುಂದಿನಿಂದ ಎದ್ದು ಬಂದು, ಇದು ಯಾವ ಪಿಕ್ಚರಿನದು ಎಂದು ಕೇಳಿದರಂತೆ. ಇವನು ಕೊಟ್ಟ ಉತ್ತರವನ್ನು ಟೀಚರು ಆಮೇಲೆ ನನಗೆ ನಗುತ್ತ ಹೇಳಿದರು: "ಇನ್ನೂ ಯಾವ ಪಿಕ್ಚರಿಂದೂ ಅಲ್ರಿ ಮೇಡಂ."

ಟೀಚರ ಹತ್ತಿರ ಒಂದು ಪಿಕ್ಚರು ಇತ್ತು. ಹಡಗಲಿಯಿಂದ ಮಾಗಳಕ್ಕೆ ಹೋಗುವ ಹಾದಿಯಲ್ಲಿ ಅವರ ತಾಯಿಗೆ ಒಂದಿಷ್ಟು ಮಲ್ಲಿಗೆ ತೋಟ. ಬೆಳಕು ಹರಿಯುವ ಮೊದಲು ತಾಯಿ ಮೊಗ್ಗು ಬಿಡಿಸುವುದನ್ನು, ಆಮೇಲೆ ಬುಟ್ಟಿ ಹೊತ್ತು ಅಂಗಳಕ್ಕೆ ಬಂದು ದೀಪದ ಕೆಳಗೆ ಕೂತು ಮಾಲೆ ಕಟ್ಟುವುದನ್ನು ಟೀಚರು ತಮ್ಮ ಫೋನಿನಲ್ಲಿ ಎಲ್ಲಿಯೂ ನಿಲ್ಲಿಸದೆ ಒಂದೇ ಉಸಿರಿಗೆ ತೆಗೆದಿದ್ದರು. ಹತ್ತು ನಿಮಿಷದಷ್ಟು ಇರಬಹುದು. ಬರುವ ಭಾನುವಾರ ಶಾಲೆಯ ಹಾಲಿನಲ್ಲಿ ಊರಿನ ಹೂವಿನ ಹೆಂಗಸರನ್ನೆಲ್ಲ ಕೂಡಿಸಿ ಅದನ್ನು ತೋರಿಸುವುದು ಅವರ ಆಸೆ. ಅದಕ್ಕೆ ಸಂಗೀತ ಬೇಕು. ನನ್ನ ತಮ್ಮನ ರಾಗ ಕೂಡಿಸಿದರೆ ಕೊನೆಯಲ್ಲಿ ಅವನ ಹೆಸರು ಹಾಕುತ್ತೇವೆ ಎಂದರು. ಒಂದು ಮಾತು ಮಾತ್ರ ನೇರವಾಗಿ ಹೇಳಿದರು: ಶನಿವಾರದ ಒಳಗೆ ಸರಿಯಾಗಿ ಆಗದಿದ್ದರೆ, ಇಂಟರ್ನೆಟ್ಟಿನಿಂದ ಇಳಿಸಿಟ್ಟ ರೆಡಿಮೇಡ್ ಕೊಳಲು ಇದೆ, ಅದನ್ನೇ ಹಾಕಿಬಿಡುತ್ತೇನೆ. ನನಗೆ ಈ ಹೆಂಗಸು ಹಿಡಿಸಿದಳು. ವ್ಯವಹಾರದಲ್ಲಿ ಎರಡನೇ ದಾರಿ ಇಟ್ಟುಕೊಂಡವರು ಮೋಸ ಹೋಗುವುದಿಲ್ಲ.

ಆದರೆ ನನ್ನ ತಮ್ಮನಿಗೆ ಎರಡನೇ ದಾರಿ ಇರಲಿಲ್ಲ. ಇಷ್ಟು ವರ್ಷ ಬೇರೆಯವರ ರಾಗ ಬಾರಿಸಿದವನ ಸ್ವಂತ ರಾಗವೊಂದು, ಊಟದ ಗದ್ದಲದಲ್ಲಲ್ಲ, ಜನ ಸುಮ್ಮನೆ ಕೂತು ಕೇಳುವ ಜಾಗದಲ್ಲಿ ಮೊದಲ ಸಲ ಕೇಳಬೇಕಿತ್ತು. ಅವನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆ ವಾರ ಕೂಡ್ಲಿಗಿಯ ಒಂದು ಮದುವೆಯನ್ನು ಬಿಟ್ಟುಕೊಟ್ಟ. ಅದರಿಂದ ನನಗೆ ತಿಳಿಯಿತು.

ಟೀಚರು ವಿಡಿಯೊವನ್ನು ಮೊದಲು ವಾಟ್ಸಾಪಿನಲ್ಲಿ ಕಳಿಸಿದರು. ಅದು ತೆರೆಯಿತು, ಆದರೆ ಅರ್ಧ ಕತ್ತಲಲ್ಲಿ ತೆಗೆದದ್ದು ಕರಿ ಕಂಬಳಿಯ ಹಾಗೆ ಕಾಣುತ್ತಿತ್ತು. ಮೊಗ್ಗು ಯಾವುದು ಬೆರಳು ಯಾವುದು ಗೊತ್ತಾಗಲಿಲ್ಲ. ವಾಟ್ಸಾಪು ಹೊತ್ತು ತರುವ ಕೂಲಿಗೆ ಸರಕಿನಲ್ಲೇ ಒಂದಿಷ್ಟು ತಿಂದುಬಿಡುತ್ತದೆ. ನಾನು ಪೆನ್‌ಡ್ರೈವು ಕೊಂಡು ಹಡಗಲಿಗೆ ಹೋದೆ, ಅಸಲು ವಿಡಿಯೊವನ್ನೇ ಫೋನಿನಿಂದ ತುಂಬಿಸಿಕೊಂಡು ಬಂದೆ. ಹೋದವಳು ಅವರ ತಾಯಿಯನ್ನೂ ನೋಡಿ ಬಂದೆ. ಎಷ್ಟೋ ವರ್ಷದ ಹಿಂದೆ ನಾನು ಅವರಿಂದ ಹೂ ಕೊಂಡವಳೇ. ಗುರುತು ಹಿಡಿದು, ನೀನು ತಕ್ಕಡಿಯನ್ನೇ ನೋಡುತ್ತಿದ್ದವಳು, ನನ್ನ ಮುಖ ನೋಡಿದ್ದು ಇವತ್ತೇ ಮೊದಲು ಎಂದರು. ಒಂದು ಮೊಳ ಹೂ ಪುಕ್ಕಟೆ ಕೊಟ್ಟರು. ತೆಗೆದುಕೊಂಡೆ.

ಅಸಲು ವಿಡಿಯೊ ಬಂದ ಮೇಲೆ ಸಂಗೀತ ಕೂಡಿಸುವ ಸಾಫ್ಟ್‌ವೇರು ಅದನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಈ ಸಾಫ್ಟ್‌ವೇರಿನಲ್ಲಿ ಮೇಲೆ ಒಂದು ಸಣ್ಣ ಕಿಟಕಿಯಲ್ಲಿ ಚಿತ್ರ ಓಡುತ್ತದೆ, ಕೆಳಗೆ ವಾದ್ಯಗಳು ಒಂದರ ಕೆಳಗೊಂದು ಸಾಲಾಗಿ ಇರುತ್ತವೆ. ಚಿತ್ರ ಎಲ್ಲಿ ನಿಂತಿದೆಯೋ ಅಲ್ಲಿಗೆ ಸರಿಯಾಗಿ ರಾಗ ಕೂಡಿಸಬಹುದು. ಆದರೆ ನಮ್ಮ ಕಿಟಕಿಯಲ್ಲಿ ಬರೀ ಕಪ್ಪು. ಹೊಸ ಫೋನುಗಳು ಜಾಗ ಉಳಿಸಲು ವಿಡಿಯೊವನ್ನು ಹೊಸ ರೀತಿಯಲ್ಲಿ ಒತ್ತಿ ಮಡಚಿ ಇಡುತ್ತವಂತೆ. ನಮ್ಮ ಹಳೆಯ ಸಾಫ್ಟ್‌ವೇರಿಗೆ ಆ ಮಡಿಕೆ ಬಿಚ್ಚಲು ಬರುವುದಿಲ್ಲ. ಹೊಸದು ಕೊಳ್ಳಿರಿ ಎಂದು ಹೊಸಪೇಟೆಯ ಅಂಗಡಿಯವನೊಬ್ಬ ಫೋನಿನಲ್ಲಿ ಸಲಹೆ ಕೊಟ್ಟ. ಮಾರುವವನ ಸಲಹೆಯನ್ನು ಕೇಳಬೇಕು, ಅದರಂತೆ ನಡೆಯಬಾರದು. ವಿಡಿಯೊವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಿಕೊಡುವ ಸಾಫ್ಟ್‌ವೇರು ಪುಕ್ಕಟೆ ಸಿಗುತ್ತದೆ. ಅದನ್ನು ಇಳಿಸಿಕೊಂಡೆವು.

ಅದು ಒಂದೊಂದೇ ಪ್ರಶ್ನೆ ಕೇಳಿತು. ರೂಪ ಯಾವುದು, ಅಗಲ ಎಷ್ಟು, ಎತ್ತರ ಎಷ್ಟು. ಆಮೇಲೆ ಫ್ರೇಮಿನ ಪ್ರಶ್ನೆ. ವಿಡಿಯೊ ಎಂದರೆ ಸಾಲಾಗಿ ಪೋಣಿಸಿದ ಚಿತ್ರಗಳು, ಒಂದೊಂದು ಚಿತ್ರವೂ ಒಂದು ಫ್ರೇಮು. ಫ್ರೇಮುಗಳು ಮೂಲದಲ್ಲಿ ಇದ್ದಂತೆ ಇರಲೋ, ಎಲ್ಲವನ್ನೂ ಒಂದೇ ಸಮ ಮಾಡಲೋ ಎಂದು ಕೇಳಿತು. ನನ್ನ ತಮ್ಮ ನನ್ನ ಮುಖ ನೋಡಿದ. ಇದ್ದಂತೆ ಇರಲಿ ಎಂದೆ. ಹೂವಿನ ದಂಧೆಯಲ್ಲಿ ಇದು ನಮಗೆ ಮೊದಲ ಪಾಠ: ಬೇರೆಯವರು ಕಟ್ಟಿದ ಮಾಲೆಯನ್ನು ಬಿಚ್ಚಿ ಮತ್ತೆ ಕಟ್ಟಬಾರದು. ಬಿಚ್ಚಿದರೆ ಮೊಗ್ಗು ನಲುಗುತ್ತದೆ, ಗಿರಾಕಿ ಬಾಡಿದ ಹೂ ಅನ್ನುತ್ತಾನೆ. ಅವನೂ ತಲೆಯಾಡಿಸಿದ. ಅವನ ಅಪ್ಪ ರಿಪೇರಿಯಲ್ಲಿ ಇದನ್ನೇ ಹೇಳುತ್ತಿದ್ದರಂತೆ, ನಡೆಯುತ್ತಿರುವ ತಂತಿಯನ್ನು ಮುಟ್ಟಬೇಡ ಎಂದು.

ಚಿತ್ರ ತೆರೆಯಿತು. ಅವನು ಮಾಡಿದ ಮೊದಲ ಕೆಲಸ ವಿಡಿಯೊದ ಸ್ವಂತ ಸದ್ದನ್ನು ಮುಚ್ಚಿದ್ದು. ಅದರಲ್ಲಿ ಒಂದು ಕೋಳಿ ಕೂಗುತ್ತಿತ್ತು, ಕೋಳಿಯ ಶ್ರುತಿಗೂ ಅವನ ರಾಗದ ಶ್ರುತಿಗೂ ಆಗಿಬರುತ್ತಿರಲಿಲ್ಲವಂತೆ. ಮೂಕ ಚಿತ್ರವನ್ನು ನೋಡುತ್ತ ದಿನಗಟ್ಟಲೆ ಕೂತು ರಾಗ ಕೂಡಿಸಿದ. ಕತ್ತಲ ತೋಟಕ್ಕೆ ನಿಧಾನವಾದ ಒಂದು ಆಲಾಪ, ಬುಟ್ಟಿ ಅಂಗಳಕ್ಕೆ ಬರುವಾಗ ಒಂದು ಏರು, ಮಾಲೆ ಕಟ್ಟಲು ಕೂತ ಮೇಲೆ ಕೈಯ ಓಟಕ್ಕೆ ಸರಿಯಾಗಿ ತಾಳ. ಎರಡು ಮೊಗ್ಗು ಆಚೆ, ಎರಡು ಈಚೆ, ದಾರ ಒಂದು ಸುತ್ತು; ಆ ಸುತ್ತು ಬಿಗಿಯುವ ಕ್ಷಣಕ್ಕೆ ಕೀಬೋರ್ಡಿನದೇ ತಬಲದ ಪೆಟ್ಟು. ನಾನು ಹಿಂದೆ ಕೂತು ನೋಡುತ್ತಿದ್ದೆ. ನನಗೆ ರಾಗ ತಿಳಿಯದು, ಕಟ್ಟುವ ಕೈ ತಿಳಿಯುತ್ತದೆ. ಪೆಟ್ಟು ಎಲ್ಲಿಯೂ ತಪ್ಪಿರಲಿಲ್ಲ.

ಗುರುವಾರ ಹಾಡನ್ನಷ್ಟೇ ಟೀಚರಿಗೆ ಕಳಿಸಿದೆವು. ಶುಕ್ರವಾರ ಮಧ್ಯಾಹ್ನ ಅವರೇ ಫೋನು ಹಿಡಿದು ಮಾಳಿಗೆ ಹತ್ತಿ ಬಂದರು. ಅಸಲು ವಿಡಿಯೊದ ಮೇಲೆ ಹಾಡು ಕೂಡಿಸಿ ನೋಡಿದ್ದರು. ನಮಗೂ ತೋರಿಸಿದರು. ಬುಟ್ಟಿ ಇನ್ನೂ ತೋಟದಲ್ಲೇ ಇದೆ, ಹಾಡು ಆಗಲೇ ಅಂಗಳಕ್ಕೆ ಬಂದು ಕೂತಿದೆ. ಅವರ ತಾಯಿ ದಾರ ಕೈಗೆ ತೆಗೆದುಕೊಳ್ಳುವ ಮೊದಲೇ ತಬಲ ಗಂಟು ಹಾಕುತ್ತಿದೆ.

"ರಾಗ ಚಲೋ ಐತ್ರಿ," ಎಂದರು ಟೀಚರು. "ಆದ್ರ ನಮ್ಮವ್ವನ ಕೈಗೂ ಇದಕ್ಕೂ ಸಂಬಂಧನ ಇಲ್ಲ. ಹೂ ಕಟ್ಟೋರ ಮುಂದ ಇದನ್ನ ಹೆಂಗ ತೋರಿಸ್ಲಿ? ನಕ್ಕುಬಿಡ್ತಾರ."

ನನ್ನ ತಮ್ಮ ನಮ್ಮ ಕಂಪ್ಯೂಟರಿನಲ್ಲಿ ಹಾಕಿ ತೋರಿಸಿದ. ಅಲ್ಲಿ ಎಲ್ಲ ಸರಿಯಾಗಿತ್ತು. ಟೀಚರು ಎರಡನ್ನೂ ನೋಡಿ, ಯಾರ ತಪ್ಪೋ ಗೊತ್ತಿಲ್ಲ, ನನಗೆ ಹೊತ್ತಿಲ್ಲ, ಕೊಳಲನ್ನೇ ಹಾಕುತ್ತೇನೆ, ತಪ್ಪು ತಿಳಿಯಬೇಡಿ ಎಂದರು. ನನ್ನ ತಮ್ಮ ಕೀಬೋರ್ಡಿಗೆ ಬಟ್ಟೆ ಮುಚ್ಚತೊಡಗಿದ.

ಇಲ್ಲಿ ನಾನು ನಡುವೆ ಬಾಯಿ ಹಾಕಿದೆ. ಭಾನುವಾರ ಬೆಳಿಗ್ಗೆಯ ತನಕ ಹೊತ್ತು ಕೊಡಿ ಎಂದೆ. ಆಗುವುದಿಲ್ಲ ಎಂದರು. ಬಹುಶಃ ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ನನಗೆ ಬೇಕಿದ್ದದ್ದು ಶನಿವಾರ ಸಂಜೆ. ಒಂದು ಮೆಟ್ಟಿಲು ಮೇಲಿನದನ್ನು ಕೇಳಿದರೆ ಬೇಕಾದ ಮೆಟ್ಟಿಲು ಸಿಗುತ್ತದೆ. ಶನಿವಾರ ಸಂಜೆ ಸಿಕ್ಕಿತು. ಜೊತೆಗೆ ಅವರ ಫೋನನ್ನೂ ಒಂದು ಗಂಟೆ ಬಿಟ್ಟುಹೋಗಿರಿ, ಅಷ್ಟರಲ್ಲಿ ಪೇಟೆಯ ಕೆಲಸ ಮುಗಿಸಿಕೊಳ್ಳಿ ಎಂದೆ. ಅದಕ್ಕೂ ಒಪ್ಪಿದರು.

ಕಂಪ್ಯೂಟರಿನ ಪಕ್ಕ ಫೋನು ಆನಿಸಿಟ್ಟು ಎರಡರಲ್ಲೂ ಚಿತ್ರವನ್ನು ಒಟ್ಟಿಗೆ ಬಿಟ್ಟೆವು. ಹೊರಟದ್ದು ಒಟ್ಟಿಗೆ. ಕತ್ತಲ ತೋಟದಲ್ಲಿ ಕಂಪ್ಯೂಟರಿನ ಅವ್ವ ಸ್ವಲ್ಪ ಚುರುಕಾಗಿ ಬಿಡಿಸುತ್ತಿದ್ದಳು, ಫೋನಿನ ಅವ್ವ ಸಾವಕಾಶ. ಕಂಪ್ಯೂಟರಿನ ಬುಟ್ಟಿ ಮೊದಲು ಅಂಗಳಕ್ಕೆ ಬಂತು. ಎಷ್ಟೋ ಹೊತ್ತಿನ ಮೇಲೆ ಫೋನಿನ ಬುಟ್ಟಿ ಬಂತು. ದೀಪದ ಕೆಳಗೆ ಕೂತ ಮೇಲೆ ಇಬ್ಬರ ಕೈಯೂ ಒಂದೇ ಓಟ. ಹಿಂದೆ ಬಿದ್ದವಳು ಹಿಂದೆಯೇ ಉಳಿದಳು, ಆದರೆ ಅಂತರ ಮತ್ತೆ ಬೆಳೆಯಲಿಲ್ಲ.

ಹೊತ್ತು ಕಳುವಾದದ್ದು ಕತ್ತಲಲ್ಲಿ ಮಾತ್ರ, ಬೆಳಕಲ್ಲಿ ಅಲ್ಲ. ಇದನ್ನು ನೋಡುತ್ತ ನನಗೆ ಕೂಡ್ಲಿಗಿಯ ಬೆಳಗಿನ ಬಸ್ಸು ನೆನಪಾಯಿತು. ಬಸ್ಸಿನೊಳಗೆ ದೀಪ ಇಲ್ಲದ ದಿನ ನಾನು ಕಟ್ಟಿದ ಮಾಲೆ ವಿರಳವಾಗುತ್ತಿತ್ತು. ಕೈಗೆ ಮೊಗ್ಗು ಬೇಗ ಸಿಗುವುದಿಲ್ಲ, ಗಂಟಿನಿಂದ ಗಂಟಿಗೆ ದೂರ. ಬೆಳಕು ಬಂದ ಮೇಲೆ ಕಟ್ಟಿದ್ದು ಒತ್ತಾಗಿರುತ್ತಿತ್ತು. ಮೊಳ ಹಾಕಿದರೆ ಎರಡೂ ಒಂದೇ ಮೊಳ. ಹೂ ಎಣಿಸಿದರೆ ಕತ್ತಲಲ್ಲಿ ಕಟ್ಟಿದ್ದು ಮುಕ್ಕಾಲು ಮೊಳಕ್ಕೂ ಬಾರದು. ಫೋನೂ ಹಾಗೇ ಮಾಡಿತ್ತು. ಬೆಳಕು ಕಡಿಮೆ ಇದ್ದಾಗ ಅದು ಒಂದೊಂದು ಚಿತ್ರಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡು, ಕಡಿಮೆ ಚಿತ್ರಗಳನ್ನು ಪೋಣಿಸಿತ್ತು. ಯಾವ ಚಿತ್ರ ಎಷ್ಟು ಹೊತ್ತು ನಿಲ್ಲಬೇಕು ಎನ್ನುವುದು ಫೋನಿಗೆ ಗೊತ್ತು. ನಮ್ಮ ಸಂಗೀತದ ಸಾಫ್ಟ್‌ವೇರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎಲ್ಲ ಚಿತ್ರಗಳನ್ನೂ ಒಂದೇ ಅಂತರದಲ್ಲಿ ಓಡಿಸಿತ್ತು.

"ತಮ್ಮಾ," ಎಂದೆ, "ಇದು ಮೊಳ ಹಾಕಾಕತ್ತಿಲ್ಲ. ಹೂ ಎಣಿಸಾಕತ್ತೈತಿ."

ಅವನು ಪುಕ್ಕಟೆ ಸಾಫ್ಟ್‌ವೇರು ತೆರೆದು, ಅಂದು ನಾವು ಬೇಡ ಎಂದಿದ್ದ ಆ ಇನ್ನೊಂದು ಉತ್ತರದ ಮೇಲೆ ಬೆರಳಿಟ್ಟ: ಎಲ್ಲ ಒಂದೇ ಸಮ. ಅಂದರೆ ಇಡೀ ಮಾಲೆಯನ್ನು ಬಿಚ್ಚಿ, ವಿರಳವಾಗಿದ್ದ ಜಾಗದಲ್ಲಿ ಅದೇ ಚಿತ್ರವನ್ನು ಇನ್ನೊಮ್ಮೆ ಪೋಣಿಸಿ, ಗಂಟಿನ ಅಂತರ ಎಲ್ಲಿಯೂ ಹೆಚ್ಚುಕಡಿಮೆ ಆಗದ ಹಾಗೆ ಕಟ್ಟುವುದು. "ಬಿಚ್ಚೋದ ಬೇಕಾತು ನೋಡ್ರಿ ಅಕ್ಕಾ," ಎಂದ. ನನ್ನನ್ನು ಚುಚ್ಚಲಿಕ್ಕೆ ಹೇಳಿದ್ದೋ ಏನೋ, ನಾನು ಚುಚ್ಚಿಸಿಕೊಳ್ಳಲಿಲ್ಲ. ಟೈಪಿಂಗ್ ಕ್ಲಾಸಿನ ಕಂಪ್ಯೂಟರು ಆ ಕೆಲಸವನ್ನು ಎತ್ತಿನ ಗಾಡಿಯ ಹಾಗೆ ಮಾಡುತ್ತದೆ. ಟೀಚರು ಬಂದು ಫೋನು ಒಯ್ದರು. ನಾವು ಕೆಳಗಿಳಿದು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು, ಚಹಾ ಕುಡಿದು, ಮತ್ತೆ ಮೇಲೆ ಬಂದಾಗಲೂ ಅದು ಇನ್ನೂ ತೋಟದಲ್ಲೇ ಇತ್ತು.

ಶನಿವಾರ ಬೆಳಗಿನ ರೈಲಿಗೆ ಅವನು ಕೊಟ್ಟೂರಿನಿಂದ ಬಂದ. ಹೊಸ ಪ್ರತಿಯನ್ನು ಸಾಫ್ಟ್‌ವೇರಿಗೆ ಹಾಕಿ, ಈ ಸಲ ಕೋಳಿಯನ್ನೂ ಕೂಗಲು ಬಿಟ್ಟೆವು. ಸದ್ದೂ ಚಿತ್ರವೂ ಕೊನೆಯ ತನಕ ಜೊತೆಯಲ್ಲೇ ನಡೆದವು. ಅಂಗಳದ ತಾಳವನ್ನು ಕಳುವಾಗಿದ್ದ ಹೊತ್ತಿನಷ್ಟೇ ಮುಂದಕ್ಕೆ ಸರಿಸಿದ, ಪೆಟ್ಟುಗಳು ಗಂಟುಗಳ ಮೇಲೆ ಬಂದು ಕೂತವು. ಉಳಿದದ್ದು ತೋಟ. ಅಲ್ಲಿ ಆಲಾಪ ಮುಗಿದು ಬುಟ್ಟಿ ಹೊರಡುವ ನಡುವೆ ಒಂದು ತೆರಪು ಬಿದ್ದಿತ್ತು, ಹಳೆಯ ಪ್ರತಿ ನುಂಗಿದ್ದ ಹೊತ್ತು ಅಷ್ಟೂ. ಆಲಾಪವನ್ನು ಎಳೆದು ನೋಡಿದ, ಸೊರಗಿದಂತಾಯಿತು. ಹೊಸದಾಗಿ ಒಂದು ತುಂಡು ಬಾರಿಸಿದ, ತೇಪೆ ಹಾಕಿದಂತೆ ಕೇಳಿಸಿತು. ನಾನು ಗಡಿಯಾರ ನೋಡಿ, ಇದ್ದದ್ದರಲ್ಲಿ ಒಂದನ್ನು ಆರಿಸಿ ಮುಗಿಸು ಎಂದೆ. ಅವನು ತೆರಪನ್ನು ಬರಿದೇ ಇನ್ನೊಮ್ಮೆ ಓಡಿಸಿದ. ಸದ್ದು ಮುಚ್ಚಿರಲಿಲ್ಲವಲ್ಲ, ಮೊಗ್ಗು ಗಿಡ ಬಿಡುವ ಚಿಟ್ ಎನ್ನುವ ಸಣ್ಣ ಸಪ್ಪಳ ಕೇಳಿಸಿತು. ಬಳೆ ಒಂದಕ್ಕೊಂದು ತಾಗಿದ್ದು ಕೇಳಿಸಿತು. ಟೀಚರ ತಾಯಿ ಒಮ್ಮೆ ಕೆಮ್ಮಿದರು.

ಅವನು ಕೀಬೋರ್ಡಿನ ಮೇಲಿಂದ ಕೈ ತೆಗೆದ. "ಇಲ್ಲಿ ನಾನು ಬ್ಯಾಡ ಅಕ್ಕಾ."

ಸ್ವಂತ ರಾಗಕ್ಕೆ ಇಷ್ಟು ವರ್ಷ ಜಾಗ ಹುಡುಕಿದವನು, ಸಿಕ್ಕ ಜಾಗದಲ್ಲಿ ಅಷ್ಟನ್ನು ತಾನಾಗಿ ಬಿಟ್ಟುಕೊಟ್ಟ. ವ್ಯಾಪಾರದ ಕಣ್ಣಿಗೆ ಅದು ನಷ್ಟ. ನಾನು ಗಡಿಯಾರ ನೋಡುವುದನ್ನು ಬಿಟ್ಟೆ.

ಸಂಜೆ ಟೀಚರು ಬಂದು ಫೋನಿನ ಮೇಲೆ ಹಾಕಿ ನೋಡಿದರು. ಆ ತೆರಪಿನಲ್ಲಿ ಅವರು ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದರು, ಮತ್ತೆ ಫೋನಿನ ಕಡೆ ಬಗ್ಗಿದರು. ಮುಗಿದ ಮೇಲೆ ಕೊಳಲಿನ ಮಾತೇ ತೆಗೆಯಲಿಲ್ಲ. ಹೆಸರು ಹೇಗೆ ಬರೆಯಬೇಕು, ಇನಿಶಿಯಲ್ ಮುಂದೋ ಹಿಂದೋ ಎಂದು ಅವನನ್ನು ಕೇಳಿದರು. ಹೆಸರು ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಾನು ಕೇಳಿದೆ. ಅವರು ಹೇಳಿದ್ದಕ್ಕೆ ಎರಡರಷ್ಟು ಕೇಳಿದೆ. ಒಂದೂವರೆಗೆ ಒಪ್ಪಂದವಾಯಿತು.

ಭಾನುವಾರ ಹಡಗಲಿಯ ಶಾಲೆಯ ಹಾಲಿನಲ್ಲಿ ಹೂವಿನ ಹೆಂಗಸರು ಜಮಖಾನದ ಮೇಲೆ ಕೂತು ನೋಡಿದರು. ಕೆಲವರು ಕೈಯಲ್ಲಿ ದಾರವನ್ನೂ ಮೊಗ್ಗನ್ನೂ ತಂದಿದ್ದರು, ಸುಮ್ಮನೆ ಕೂರುವುದು ಅವರಿಗೆ ಬರುವುದಿಲ್ಲ. ತೋಟದ ಭಾಗ ಬಂದಾಗ ಪಿಸುಮಾತು ನಡೆದೇ ಇತ್ತು. ರಾಗ ನಿಂತು ಬಳೆಯ ಸದ್ದು ಮಾತ್ರ ಉಳಿದಾಗ ಪಿಸುಮಾತೂ ನಿಂತಿತು. ಅಂಗಳದ ತಾಳ ಶುರುವಾಯಿತು. ಕೂತವರ ಕೈಗಳು ಪರದೆಯ ಕೈಯ ಜೊತೆ ಗಂಟು ಹಾಕುತ್ತಿದ್ದವು. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ. ಯಾರೂ ನಗಲಿಲ್ಲ. ನನ್ನ ತಮ್ಮ ಬಾಗಿಲ ಹತ್ತಿರ ನಿಂತಿದ್ದ. ಕೊನೆಯಲ್ಲಿ ಅವನ ಹೆಸರು ಬಂತು, ಒಪ್ಪಂದದಷ್ಟು ಹೊತ್ತು ನಿಂತಿತು. ಟೀಚರ ತಾಯಿ ಅವನನ್ನು ಕರೆದು ಕೇಳಿದ್ದು ಇಷ್ಟೇ: "ನಡುವ ನೀ ಸುಮ್ಮನಾದಿ ನೋಡಪಾ, ಅಲ್ಲಿ ನಂಗ ನಮ್ಮ ತ್ವಾಟದಾಗ ನಿಂತಂಗ ಆತು. ಅದು ಹೆಂಗ ಗೊತ್ತಾತು ನಿಂಗ?" ಅವನು ನನ್ನ ಕಡೆ ನೋಡಿ ನಕ್ಕ. ಕಂಪ್ಯೂಟರಿನ ಕಥೆ ಹೇಳಲಿಲ್ಲ.

ನಿಮಗೂ ಇಂಥ ಕೆಲಸ ಎಂದಾದರೂ ಬರಬಹುದು. ಮಗಳ ನಾಟಕಕ್ಕೋ, ಶಾಲೆಯ ಕಾರ್ಯಕ್ರಮಕ್ಕೋ, ಮದುವೆ ವಿಡಿಯೊಕ್ಕೋ ಯಾರಾದರೂ ಸಂಗೀತ ಕೂಡಿಸಿಕೊಡಿ ಎಂದು ಬರುತ್ತಾರೆ. ಆಗ ವಾಟ್ಸಾಪಿನಲ್ಲಿ ಬಂದದ್ದನ್ನು ಒಪ್ಪಬೇಡಿ, ಅಸಲನ್ನು ಪೆನ್‌ಡ್ರೈವಿನಲ್ಲಿ ತರಿಸಿಕೊಳ್ಳಿ. ಪೆನ್‌ಡ್ರೈವು ಅವರದಾದರೆ ಇನ್ನೂ ಒಳ್ಳೆಯದು. ವಿಡಿಯೊ ತೆರೆಯಲಿಲ್ಲ ಎಂದು ಹೊಸ ಸಾಫ್ಟ್‌ವೇರಿಗೆ ದುಡ್ಡು ಸುರಿಯಬೇಡಿ, ಪುಕ್ಕಟೆಯದರಲ್ಲಿ ರೂಪ ಬದಲಿಸಿ, ಅಸಲನ್ನು ಮುಟ್ಟದೆ ಬೇರೆ ಇಡಿ. ಫ್ರೇಮಿನ ಪ್ರಶ್ನೆ ಬಂದಾಗ ನನ್ನ ಹಾಗೆ ಇದ್ದಂತೆ ಇರಲಿ ಎನ್ನದೆ ಎಲ್ಲ ಒಂದೇ ಸಮ ಎನ್ನಿ, ಫೋನಿನಲ್ಲಿ ತೆಗೆದದ್ದಾದರೆ ಅದನ್ನು ಮರೆಯಲೇಬೇಡಿ. ವಿಡಿಯೊ ತೆಗೆಯುವವರಿಗೆ ಮೊದಲೇ ಹೇಳಿ, ಶುರುವಿನಲ್ಲಿ ಒಂದು ಚಪ್ಪಾಳೆ, ಮುಗಿಯುವಾಗ ಒಂದು ಚಪ್ಪಾಳೆ ಹೊಡೆಯಲಿ. ಕೈ ಕೂಡುವುದೂ ಸದ್ದೂ ಶುರುವಿನಲ್ಲೂ ಕೊನೆಯಲ್ಲೂ ಒಟ್ಟಿಗೆ ಬಂದರೆ ಮಾತ್ರ ರಾಗಕ್ಕೆ ಕೂತುಕೊಳ್ಳಿ. ಅಲ್ಲಿಯತನಕ ಕೋಳಿ ಎಷ್ಟೇ ಕೂಗಲಿ, ಸದ್ದು ಮುಚ್ಚಬೇಡಿ. ಮತ್ತು ಮೊದಲು ನೋಡಬೇಕಾದದ್ದು ವಿಡಿಯೊದ ಕೊನೆಯನ್ನು, ಅಳತೆಯ ಮೋಸ ಕಾಣುವುದು ಅಲ್ಲೇ. ಮಾಲೆ ಕೊಳ್ಳುವಾಗಲೂ ಅಷ್ಟೇ: ಹೂವಿನವಳು ನಿಮ್ಮ ಕಣ್ಣಿಗೆ ಹಿಡಿಯುವ ತುದಿ ಯಾವಾಗಲೂ ಒತ್ತಾಗಿರುತ್ತದೆ. ಸುರುಳಿಯ ಒಳಗಿರುವ ಇನ್ನೊಂದು ತುದಿಯನ್ನು ಬಿಡಿಸಿ ನೋಡಿ, ಆಮೇಲೆ ರೇಟು ಕೇಳಿ.